ಕೂಟದ ಕ್ಯಾಸೆಟ್ಟು, ಮನೆಯ ಕಂಪ್ಯೂಟರು

ಹೊನ್ನಾವರದಿಂದ ಕಾಸರಗೋಡಿನವರೆಗೆ, ಘಟ್ಟದ ಮೇಲೆ ಶಿರಸಿ, ಸಿದ್ದಾಪುರ, ಸಾಗರದ ಕಡೆ, ಅತ್ತ ಬೆಂಗಳೂರು ಮುಂಬಯಿಗಳಲ್ಲೂ ಹವ್ಯಾಸಿ ತಾಳಮದ್ದಳೆ ಸಂಘಗಳಿಗೆ ಬರವಿಲ್ಲ. ಹಗಲು ಬ್ಯಾಂಕಿನಲ್ಲೋ ಶಾಲೆಯಲ್ಲೋ ತೋಟದಲ್ಲೋ ದುಡಿದವರು ಸಂಜೆ ಕೂತು ಕರ್ಣನಾಗಿಯೋ ವಾಲಿಯಾಗಿಯೋ ಅರ್ಥ ಹೇಳುತ್ತಾರೆ. ಇಂಥ ಸಂಘವೆಂದ ಮೇಲೆ ಒಂದು ವಾಟ್ಸ್ಯಾಪ್ ಗುಂಪು, ಒಬ್ಬರ ಮನೆಯಲ್ಲಿ ಒಂದು ಹಳೇ ಕಂಪ್ಯೂಟರು, ಇನ್ನೊಬ್ಬರ ಅಟ್ಟದ ಮೇಲೆ ಒಂದು ಪೆಟ್ಟಿಗೆ ಕ್ಯಾಸೆಟ್ಟು ಇದ್ದೇ ಇರುತ್ತದೆ. ಈ ಮೂರನ್ನು ಜೋಡಿಸಿಕೊಳ್ಳುವುದು ಹೇಗೆ ಎಂಬುದಷ್ಟೇ ಇಲ್ಲಿನ ವಿಷಯ. ಕೊಳ್ಳಬೇಕಾದ್ದು ಬಹಳವಿಲ್ಲ, ರೂಢಿ ಮಾಡಿಕೊಳ್ಳಬೇಕಾದ್ದು ಸ್ವಲ್ಪ ಇದೆ.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ವಾಟ್ಸ್ಯಾಪ್ ಗುಂಪು ಸುದ್ದಿ ಮುಟ್ಟಿಸುವುದಕ್ಕೆ ಇರುವಂಥದ್ದು, ಸಂಗ್ರಹಕ್ಕಲ್ಲ. "ಎಲ್ಲ ಗ್ರೂಪಿನಲ್ಲಿ ಹಾಕಿದ್ದೇನೆ" ಎಂದು ಕಾರ್ಯದರ್ಶಿಗಳು ನೆಮ್ಮದಿಯಿಂದ ಇರುವ ಸಂಘಗಳಲ್ಲೇ ಮೂರು ವರ್ಷದ ಹಿಂದಿನ ಕೂಟದ ಒಂದು ತುಣುಕೂ ಸಿಗುವುದಿಲ್ಲ. ಅಲ್ಲಿ ಕಳಿಸಿದ ಫೋಟೊ ಕುಗ್ಗಿ ಹೋಗುತ್ತದೆ, ವಿಡಿಯೊ ಮಸುಕಾಗುತ್ತದೆ. ಫೋನ್ ಬದಲಾಯಿಸಿದಾಗ ಹಳೆಯ ಕಡತ ಮತ್ತೆ ತೆರೆಯುವುದಿಲ್ಲ. ಕಳಿಸಲೇಬೇಕಾದರೆ ಗ್ಯಾಲರಿಯಿಂದ ಬೇಡ, ಕ್ಲಿಪ್ಪಿನ ಚಿಹ್ನೆ ಒತ್ತಿ 'ಡಾಕ್ಯುಮೆಂಟ್' ಎಂದು ಕಳಿಸಿ. ಆಗ ಕಡತ ಇದ್ದಂತೆಯೇ ತಲುಪುತ್ತದೆ. 2 ಜಿಬಿವರೆಗಿನ ಕಡತಕ್ಕೂ ಅವಕಾಶವಿದೆ.

ಕ್ಯಾಸೆಟ್ಟಿನಿಂದ ಕಂಪ್ಯೂಟರಿಗೆ

ಶೇಣಿ ಗೋಪಾಲಕೃಷ್ಣ ಭಟ್ಟರು, ದೇರಾಜೆ ಸೀತಾರಾಮಯ್ಯನವರು ಮುಂತಾದ ಹಿರಿಯರ ಅರ್ಥಗಾರಿಕೆ, 1990ರಲ್ಲಿ ತೀರಿಕೊಂಡ ಕಾಳಿಂಗ ನಾವಡರ ಪದ್ಯ, ಇವೆಲ್ಲ ಇಂದಿನ ಕಿವಿಗೆ ಮುಟ್ಟುತ್ತಿರುವುದು ಬಹುಮಟ್ಟಿಗೆ ಕ್ಯಾಸೆಟ್ಟಿನ ದಯೆಯಿಂದ. ಕಂಪನಿಗಳು ಬಿಡುಗಡೆ ಮಾಡಿದ್ದು ಹೇಗೋ ಉಳಿಯುತ್ತದೆ. ಊರಿನ ದೇವಸ್ಥಾನದ ಚಂದ್ರಶಾಲೆಯಲ್ಲಿ ಯಾರೋ ಅಭಿಮಾನಿ ಟೇಪ್ ರೆಕಾರ್ಡರ್ ಇಟ್ಟು ಹಿಡಿದದ್ದಕ್ಕೆ ಇರುವುದು ಒಂದೇ ಪ್ರತಿ. ನಮ್ಮ ಕರಾವಳಿ ಮಲೆನಾಡಿನ ತೇವಕ್ಕೆ ಅದರ ಮೇಲೆ ಬಿಳಿ ಬೂಷ್ಟು ಹಿಡಿಯುತ್ತದೆ. ಸಂಘದ ಕಂಪ್ಯೂಟರಿಗೆ ಇದಕ್ಕಿಂತ ದೊಡ್ಡ ಕೆಲಸ ಬೇರೊಂದಿಲ್ಲ ಎಂದೇ ನನ್ನ ಅಭಿಪ್ರಾಯ.

ಪೆಟ್ಟಿಗೆ ಕೆಳಗಿಳಿಸಿದ ತಕ್ಷಣ ಮಾಡಬೇಕಾದ್ದು ಒಂದಿದೆ. ಪ್ರತಿ ಕ್ಯಾಸೆಟ್ಟಿನ ಹಿಂದಿನ ಅಂಚಿನಲ್ಲಿ ಎರಡು ಪುಟ್ಟ ಪ್ಲಾಸ್ಟಿಕ್ ಎಸಳುಗಳಿರುತ್ತವೆ, ಅವನ್ನು ಮುರಿದುಬಿಡಿ. ಆಮೇಲೆ ಯಾರಾದರೂ ಅಪ್ಪಿತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಬೂಷ್ಟು ಹಿಡಿದ ಕ್ಯಾಸೆಟ್ಟನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ; ಅದು ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್ಟಿಗೂ ಅಂಟುತ್ತದೆ. ಅವನ್ನು ಬೇರೆ ತೆಗೆದಿಟ್ಟು ಕೊನೆಗೆ ನೋಡಿಕೊಳ್ಳಿ. ಚೆನ್ನಾಗಿರುವುದನ್ನು ಮೊದಲು ಒಮ್ಮೆ ಕೊನೆಯವರೆಗೆ ಓಡಿಸಿ, ಮತ್ತೆ ಹಿಂದಕ್ಕೆ ಸುತ್ತಿಸಿ. ವರ್ಷಗಟ್ಟಲೆ ಅಲ್ಲಾಡದೆ ಕೂತ ಪಟ್ಟಿ ಸಡಿಲಗೊಂಡು ಸಮನಾಗಿ ಓಡುತ್ತದೆ.

ಪ್ಲೇಯರು ಎಂಥದ್ದಿರಬೇಕು? ಆನ್‌ಲೈನ್ ಅಂಗಡಿಗಳಲ್ಲಿ ಸಿಗುವ ಅಗ್ಗದ ಯುಎಸ್‌ಬಿ ಕ್ಯಾಸೆಟ್ ಪ್ಲೇಯರು ನೋಡಲು ಅನುಕೂಲ. ಆದರೆ ಅದರ ಮೋಟಾರು ಒಂದೇ ವೇಗದಲ್ಲಿ ಓಡುವುದಿಲ್ಲ, ಶ್ರುತಿ ಅಲ್ಲಾಡುತ್ತದೆ. ಬಳಗದಲ್ಲಿ ಯಾರದಾದರೂ ಮನೆಯ ಶೋಕೇಸಿನಲ್ಲಿ ಹಳೇ ಒಳ್ಳೆ ಕಂಪನಿಯ ಡೆಕ್ಕು ಇದ್ದರೆ ಅದಕ್ಕೆ ಹೊಸ ಬೆಲ್ಟು ಹಾಕಿಸುವುದು ಮೇಲು. ಹೆಡ್ಡನ್ನು ಹತ್ತಿಯ ಕಡ್ಡಿಗೆ ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿ ಒರೆಸಬೇಕು. ಕಂದು ಬಣ್ಣದ ಕೊಳೆ ಬಿಡುವುದು ನಿಲ್ಲುವವರೆಗೂ ಒರೆಸಿ.

ಈಗ ಮೆಕ್ಯಾನಿಕ್ಕುಗಳು ಮಾತ್ರ ಬಲ್ಲ ಒಂದು ಗುಟ್ಟು. ಹೆಡ್ಡಿನ ಪಕ್ಕದಲ್ಲಿ ಎರಡು ಸಣ್ಣ ಸ್ಕ್ರೂಗಳಿರುತ್ತವೆ, ಅವುಗಳಲ್ಲಿ ಒಂದಕ್ಕೆ ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಇರುವುದು ಹೆಡ್ಡಿನ ಓರೆಯನ್ನು ಸರಿಪಡಿಸುವ ಸ್ಕ್ರೂ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಒಂದು ಓರೆಯಲ್ಲಿತ್ತು, ನಿಮ್ಮದು ಇನ್ನೊಂದು ಓರೆಯಲ್ಲಿದೆ ಎಂದಾದರೆ ಚಂಡೆಯ ಪೆಟ್ಟು ಕಂಬಳಿ ಹೊದ್ದು ಬಾರಿಸಿದಂತೆ ಕೇಳುತ್ತದೆ. ಕ್ಯಾಸೆಟ್ಟು ಓಡುತ್ತಿರುವಾಗ ಸಣ್ಣ ಸ್ಕ್ರೂಡ್ರೈವರಿನಿಂದ ಆ ಸ್ಕ್ರೂವನ್ನು ಎಡಕ್ಕೆ ಬಲಕ್ಕೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ಕಿವಿಗೊಟ್ಟು ಕೇಳಿ. ತಾಳದ ಠೇಂಕಾರ, ಅರ್ಥಧಾರಿಯ 'ಸ'ಕಾರ 'ಶ'ಕಾರಗಳು ಒಂದು ಜಾಗದಲ್ಲಿ ಥಟ್ಟನೆ ಬಿಡಿಸಿಕೊಳ್ಳುತ್ತವೆ. ಅಲ್ಲೇ ನಿಲ್ಲಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ಟ್ರೆಬಲ್ ಏರಿಸಿದರೂ ಈ ಸ್ಪಷ್ಟತೆ ಬರುವುದಿಲ್ಲ.

ಪ್ಲೇಯರಿನ ಲೈನ್ ಔಟ್ ಅಥವಾ ಹೆಡ್‌ಫೋನ್ ತೂತಿನಿಂದ ಕಂಪ್ಯೂಟರಿಗೆ ಒಂದು ಕೇಬಲ್ ಬೇಕು. ಡೆಸ್ಕ್‌ಟಾಪ್ ಆದರೆ ಹಿಂಬದಿಯ ನೀಲಿ ತೂತು ಲೈನ್ ಇನ್. ಈಗಿನ ಲ್ಯಾಪ್‌ಟಾಪುಗಳಲ್ಲಿ ಅದು ಇರುವುದಿಲ್ಲ, ಲೈನ್ ಇನ್ ಇರುವ ಸಣ್ಣ ಯುಎಸ್‌ಬಿ ಸೌಂಡ್ ಕಾರ್ಡು ತಂದುಕೊಳ್ಳಿ. ವಿಂಡೋಸಿನ ಸೌಂಡ್ ಸೆಟ್ಟಿಂಗಿನಲ್ಲಿ 'ಆಡಿಯೊ ಎನ್‌ಹಾನ್ಸ್‌ಮೆಂಟ್' ಎಂಬುದನ್ನು ಬಂದ್ ಮಾಡುವುದು ಮರೆಯಬಾರದು. ಮನುಷ್ಯನ ಮಾತು ಬಿಟ್ಟು ಉಳಿದದ್ದೆಲ್ಲ ಗದ್ದಲ ಎಂದು ಅದು ಭಾವಿಸುತ್ತದೆ, ಮದ್ದಳೆಯನ್ನೂ ಅಳಿಸಲು ಹೊರಡುತ್ತದೆ.

ರೆಕಾರ್ಡಿಂಗಿಗೆ ಆಡಾಸಿಟಿ ಎಂಬ ಉಚಿತ ತಂತ್ರಾಂಶ ಸಾಕು, 2000ನೇ ಇಸವಿಯಿಂದ ಬಳಕೆಯಲ್ಲಿದೆ. 44100 ಹರ್ಟ್ಸ್, ಮೊನೊ ಎಂದು ಇಟ್ಟುಕೊಳ್ಳಿ. ಒಂದೇ ಮೈಕಿನಿಂದ ಹಿಡಿದ ಕೂಟಕ್ಕೆ ಸ್ಟೀರಿಯೊ ದಂಡ. ಪ್ರಸಂಗದ ಏರು ಪದ್ಯ, ಚಂಡೆ ಜೋರಾಗುವ ಜಾಗ ಹುಡುಕಿ ಓಡಿಸಿ, ಮೀಟರು ಮೈನಸ್ 6ರ ಆಸುಪಾಸಿನಲ್ಲಿ ನಿಲ್ಲುವಂತೆ ಮಟ್ಟ ಹೊಂದಿಸಿ. ಮೀಟರು ಸೊನ್ನೆಗೆ ಬಡಿದು ಕೆಂಪಾದರೆ ಆ ಧ್ವನಿ ಒಡೆಯಿತೆಂದೇ ಲೆಕ್ಕ, ಯಾವ ತಂತ್ರಾಂಶವೂ ಅದನ್ನು ಪೂರ್ತಿ ಜೋಡಿಸಲಾರದು. 90 ನಿಮಿಷದ ಕ್ಯಾಸೆಟ್ಟಿಗೆ 90 ನಿಮಿಷವೇ ಬೇಕು, ಅಡ್ಡದಾರಿ ಇಲ್ಲ. ರೆಕಾರ್ಡ್ ಹಾಕಿ ಎದ್ದು ಹೋಗುವವರು ಕಂಪ್ಯೂಟರು ನಿದ್ದೆಗೆ ಜಾರದಂತೆ ಪವರ್ ಸೆಟ್ಟಿಂಗನ್ನು ಬದಲಿಸಿ ಹೋಗಬೇಕು.

ಮುಗಿದ ಮೇಲೆ ಎರಡು ಪ್ರತಿ ಉಳಿಸಿ. ಮೂಲಪ್ರತಿ ವೇವ್ ಮಾದರಿಯಲ್ಲಿ; ಇದು 90 ನಿಮಿಷಕ್ಕೆ ಸುಮಾರು 475 ಎಂಬಿ ಆಗುತ್ತದೆ. ಇದಕ್ಕೆ ಏನೂ ಮಾಡಬೇಡಿ, ಸದ್ದು ಕೂಡ ತೆಗೆಯಬೇಡಿ. ಹಂಚುವುದಕ್ಕೆ ಎಂಪಿ3 ಮಾದರಿಯ ಇನ್ನೊಂದು ಪ್ರತಿ. 64 ಕೆಬಿಪಿಎಸ್ ಮೊನೊ ಇಟ್ಟರೆ 43 ಎಂಬಿಯಲ್ಲಿ ಮುಗಿಯುತ್ತದೆ, ಅರ್ಥಗಾರಿಕೆ ಕೇಳಲು ಅಷ್ಟು ಸಾಕು. ಗುಂಯ್‌ಗುಡುವ ಸದ್ದು ತೆಗೆಯುವ 'ನಾಯ್ಸ್ ರಿಡಕ್ಷನ್' ಏನಿದ್ದರೂ ಈ ಎರಡನೆಯದಕ್ಕೆ. ಅದನ್ನೂ ಕೈ ಬಿಗಿ ಹಿಡಿದು ಬಳಸಿ, ಹೆಚ್ಚಾದರೆ ಕೃಷ್ಣನೂ ಕೌರವನೂ ಬಾವಿಯೊಳಗೆ ಕೂತು ಸಂಧಾನ ನಡೆಸುತ್ತಾರೆ.

ಬ್ಯಾಟರಿಯ ಮೇಲೆ ಹಿಡಿದ ಹಳೆಯ ರೆಕಾರ್ಡುಗಳಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ರಾತ್ರಿ ಏರಿದಂತೆ ಬ್ಯಾಟರಿ ಇಳಿದು ಟೇಪು ನಿಧಾನವಾಗಿ ಓಡಿರುತ್ತದೆ. ಈಗ ಸರಿಯಾದ ವೇಗದಲ್ಲಿ ಹಾಕಿದರೆ ಭಾಗವತರ ಧ್ವನಿ ಹೋಗ್ತಾ ಹೋಗ್ತಾ ಮಕ್ಕಳ ಧ್ವನಿಯಂತಾಗುತ್ತದೆ. ಆಡಾಸಿಟಿಯಲ್ಲಿ ವೇಗ ಮತ್ತು ಶ್ರುತಿ ಎರಡನ್ನೂ ಒಟ್ಟಿಗೆ ಇಳಿಸುವ ಸೌಲಭ್ಯವಿದೆ, ಬರೀ ಶ್ರುತಿ ಬದಲಿಸುವುದನ್ನು ಆರಿಸಬೇಡಿ. ಎಷ್ಟು ಇಳಿಸಬೇಕೆಂಬುದಕ್ಕೆ ಭಾಗವತರ ಶ್ರುತಿಯೇ ಅಳತೆಗೋಲು. ಅವರು ಕಪ್ಪು ಎರಡಕ್ಕೆ ಹಾಡುತ್ತಿದ್ದರೋ ಬಿಳಿ ನಾಲ್ಕಕ್ಕೋ ಎಂಬುದು ಬಳಗದ ಮದ್ದಳೆಗಾರರಿಗೆ ಗೊತ್ತಿರುತ್ತದೆ.

ಹೆಸರಿಲ್ಲದ ಕಡತ

'ಟ್ರ್ಯಾಕ್ 01', 'ನ್ಯೂ ರೆಕಾರ್ಡಿಂಗ್ 14' ಎಂಬ ಹೆಸರಿನ ಕಡತಗಳು ಇದ್ದೂ ಇಲ್ಲದಂತೆ. ಇಸವಿ, ತಿಂಗಳು, ದಿನ, ಪ್ರಸಂಗ, ಊರು, ಭಾಗ ಈ ಕ್ರಮದಲ್ಲಿ ಹೆಸರಿಡಿ. ಉದಾಹರಣೆಗೆ '1986-02-15 ಕರ್ಣಪರ್ವ ಸಿದ್ದಾಪುರ ಭಾಗ 1'. ಇಸವಿ ಮೊದಲಿದ್ದರೆ ಕಂಪ್ಯೂಟರು ತಾನಾಗಿಯೇ ಕಾಲಕ್ರಮದಲ್ಲಿ ಜೋಡಿಸುತ್ತದೆ. ದಿನ ಗೊತ್ತಿಲ್ಲದಿದ್ದರೆ ಸೊನ್ನೆ ಹಾಕಿ, ಊಹಿಸಿ ಬರೆಯಬೇಡಿ. ಭಾಗವತರು, ಹಿಮ್ಮೇಳದವರು, ಯಾರು ಯಾವ ಪಾತ್ರ, ಕ್ಯಾಸೆಟ್ಟು ಯಾರ ಮನೆಯದು ಎಂಬುದನ್ನೆಲ್ಲ ಒಂದು ಎಕ್ಸೆಲ್ ಅಥವಾ ಗೂಗಲ್ ಶೀಟಿನಲ್ಲಿ ಬರೆದಿಡಿ. ಕಡತದ ಕ್ರಮಸಂಖ್ಯೆಯನ್ನೇ ಕ್ಯಾಸೆಟ್ಟಿನ ಮೇಲೂ ಅಂಟಿಸಿ.

ಈ ಪಟ್ಟಿಯನ್ನು ಯೂನಿಕೋಡಿನಲ್ಲೇ ಟೈಪ್ ಮಾಡಬೇಕು. ನುಡಿ, ಬರಹದ ಹಳೆಯ ಫಾಂಟುಗಳಲ್ಲಿ ಬರೆದದ್ದು ನೋಡಲು ಕನ್ನಡ, ಒಳಗೆ ಇಂಗ್ಲಿಷ್ ಅಕ್ಷರಗಳ ಗುಪ್ಪೆ. ಆ ಫಾಂಟಿಲ್ಲದ ಯಂತ್ರದಲ್ಲಿ ಅದು ಚಿತ್ರವಿಚಿತ್ರ ಗುರುತುಗಳಾಗುತ್ತದೆ, 'ಸುಧನ್ವ' ಎಂದು ಹುಡುಕಿದರೆ ಸಿಗುವುದಿಲ್ಲ. ಸಂಘದ ಹಳೇ ಸ್ಮರಣ ಸಂಚಿಕೆಗಳು ಹಾಗಿದ್ದರೆ ಪರಿವರ್ತಕಗಳು ಜಾಲದಲ್ಲಿ ಉಚಿತವಾಗಿ ಸಿಗುತ್ತವೆ. ಬದಲಾಯಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಕಣ್ಣಾಡಿಸಿ ತಿದ್ದಿ. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸಕ್ಕೆ ಕೈ ಪಳಗಿದವರು ಅದನ್ನೇ ಯೂನಿಕೋಡಿಗೂ ಬಳಸಬಹುದು, ಹೊಸದಾಗಿ ಕಲಿಯಬೇಕಿಲ್ಲ. ಟೈಪಿಂಗೇ ಬಾರದ ಹಿರಿಯರಿಗೆ ಫೋನಿನ ಜಿಬೋರ್ಡಿನಲ್ಲಿ ಮೈಕಿನ ಚಿಹ್ನೆ ತೋರಿಸಿಕೊಡಿ. ಅರ್ಥಧಾರಿಗಳ ಶುದ್ಧ ಉಚ್ಚಾರಕ್ಕೆ ಅದು ಆಶ್ಚರ್ಯವಾಗುವಷ್ಟು ಚೆನ್ನಾಗಿ ಓಗೊಡುತ್ತದೆ.

ಪ್ರಸಂಗ ಪುಸ್ತಕ ಹುಡುಕುವವರಿಗೆ ಒಂದು ಸೂಚನೆ. ಯಕ್ಷವಾಹಿನಿ ಪ್ರತಿಷ್ಠಾನದ ಪ್ರಸಂಗಕೋಶದಲ್ಲಿ ಪ್ರಸಂಗ ಪ್ರತಿಗಳು ಉಚಿತವಾಗಿ ಸಿಗುತ್ತವೆ. ನಿಮ್ಮಲ್ಲಿರುವ ಜೀರ್ಣ ಪುಸ್ತಕವನ್ನು ಸ್ಕ್ಯಾನ್ ಮಾಡುವ ಮೊದಲು ಅಲ್ಲಿ ಇದೆಯೇ ಎಂದು ನೋಡಿ. ಇಲ್ಲವಾದರೆ ಪುಟಗಳ ಫೋಟೊ ತೆಗೆದು ಗೂಗಲ್ ಡ್ರೈವಿಗೆ ಹಾಕಿ, ಗೂಗಲ್ ಡಾಕ್ಸಿನಲ್ಲಿ ತೆರೆದರೆ ಅಕ್ಷರಗಳಾಗಿ ಬರುತ್ತದೆ. ಹಳೇ ಅಚ್ಚಿನ ಷಟ್ಪದಿಯಲ್ಲಿ ತಪ್ಪು ಬಹಳ ಇರುತ್ತದೆ, ಆದರೂ ಮೊದಲಿನಿಂದ ಟೈಪ್ ಮಾಡುವುದಕ್ಕಿಂತ ಹಗುರ.

ಮೂರು ಪ್ರತಿ, ಎರಡು ಊರು

ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಹೊರಗಿನ ಹಾರ್ಡ್ ಡಿಸ್ಕಿನಲ್ಲಿ, ಮತ್ತೊಂದು ಬೇರೆ ಊರಿನಲ್ಲಿ ಅಥವಾ ಕ್ಲೌಡಿನಲ್ಲಿ. ಪೆನ್ ಡ್ರೈವು ಸಾಗಿಸುವುದಕ್ಕೆ ಸರಿ, ಕಾಪಿಡುವುದಕ್ಕಲ್ಲ. ಹಾರ್ಡ್ ಡಿಸ್ಕನ್ನು ಯಾವಾಗಲೂ ಚುಚ್ಚಿಟ್ಟಿರಬೇಡಿ. ಸಿಡಿಲೋ ವೈರಸ್ಸೋ ಬಂದರೆ ಎರಡೂ ಒಟ್ಟಿಗೆ ಹೋಗುತ್ತವೆ. ಗೂಗಲಿನ ಉಚಿತ ಜಾಗ 15 ಜಿಬಿ, ಅದರಲ್ಲೇ ಜಿಮೇಲ್, ಫೋಟೊ, ಆಂಡ್ರಾಯ್ಡಿನ ವಾಟ್ಸ್ಯಾಪ್ ಬ್ಯಾಕಪ್ಪು ಎಲ್ಲವೂ ತುಂಬಿಕೊಳ್ಳುತ್ತದೆ. ಆದ್ದರಿಂದ ಸಂಘದ ಹೆಸರಿನಲ್ಲಿ ಬೇರೆಯದೇ ಖಾತೆ ತೆರೆಯಿರಿ. 15 ಜಿಬಿಯಲ್ಲಿ 43 ಎಂಬಿಯ ಕ್ಯಾಸೆಟ್ಟುಗಳು ಮುನ್ನೂರಕ್ಕೂ ಹೆಚ್ಚು ಹಿಡಿಸುತ್ತವೆ, ವೇವ್ ಪ್ರತಿಗಳಾದರೆ ಬರೀ ಮೂವತ್ತು. ವೇವ್ ಹಾರ್ಡ್ ಡಿಸ್ಕಿನಲ್ಲಿ, ಎಂಪಿ3 ಕ್ಲೌಡಿನಲ್ಲಿ ಎಂದು ಹಂಚಿಕೊಂಡರೆ ಕ್ಲೌಡಿಗೆ ದುಡ್ಡು ಖರ್ಚಿಲ್ಲ. ಆಗ ವೇವ್ ಪ್ರತಿಯ ಎರಡನೇ ಹಾರ್ಡ್ ಡಿಸ್ಕು ಬೆಂಗಳೂರಿನಲ್ಲಿರುವ ಸದಸ್ಯರ ಮನೆಯಲ್ಲಿರಲಿ.

ಆ ಖಾತೆಯ ಪಾಸ್‌ವರ್ಡು ಕಾರ್ಯದರ್ಶಿಯೊಬ್ಬರ ತಲೆಯಲ್ಲಿ ಮಾತ್ರ ಇರಬಾರದು. ಎರಡು ಮನೆಯಲ್ಲಿ, ಕಾಗದದಲ್ಲಿ ಬರೆದು, ಬೀರುವಿನಲ್ಲಿ ಇಡಿ. ಮರುಪಡೆಯುವ ಫೋನ್ ನಂಬರು ಇನ್ನೊಬ್ಬರದಿರಲಿ. ಎರಡು ವರ್ಷ ಯಾರೂ ತೆರೆಯದ ವೈಯಕ್ತಿಕ ಖಾತೆಯನ್ನು ಗೂಗಲ್ ಅಳಿಸಿಹಾಕಬಹುದು. ವಾರ್ಷಿಕೋತ್ಸವದ ದಿನವಾದರೂ ಒಮ್ಮೆ ಲಾಗಿನ್ ಆಗಿ.

ಕಂಪ್ಯೂಟರಿನ ಬಗ್ಗೆ ಎರಡು ಮಾತು ಸಾಕು. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಚಿಪ್ಪು, ಇಂಟೆಲ್ ಆದರೆ 8ನೇ ಅಥವಾ ಅದರ ನಂತರದ ಪೀಳಿಗೆಯ ಪ್ರೊಸೆಸರು ಬೇಕು. ಹಳೆಯದನ್ನು ಗುಜರಿಗೆ ಹಾಕುವ ಮೊದಲು ಒಂದು ಎಸ್‌ಎಸ್‌ಡಿ ಕೂರಿಸಿ, ಉಚಿತವಾದ ಲಿನಕ್ಸ್ ಮಿಂಟ್ ಹಾಕಿ ನೋಡಿ. ಆಡಾಸಿಟಿ, ಲಿಬ್ರೆ ಆಫೀಸ್, ಫೈರ್‌ಫಾಕ್ಸ್ ಅದರಲ್ಲಿ ಚೆನ್ನಾಗಿ ನಡೆಯುತ್ತವೆ. ಕ್ಯಾಸೆಟ್ಟಿನ ಕೆಲಸಕ್ಕೆ ಹೊಸ ಯಂತ್ರದ ಅಗತ್ಯ ಖಂಡಿತ ಇಲ್ಲ.

ಸಿಡಿಲು, ಚೀರೆಕಲ್ಲು, ಲೈವು

ಮನೆಗೆ ಬರುವ ಫೈಬರ್ ಗಾಜಿನ ಎಳೆ, ಸಿಡಿಲಿನ ಕರೆಂಟು ಅದರಲ್ಲಿ ಹರಿಯುವುದಿಲ್ಲ. ರೌಟರು ಸುಡುವುದು ಹೆಚ್ಚಾಗಿ ಕರೆಂಟಿನ ಅಡಾಪ್ಟರಿನ ಮೂಲಕ, ಇಲ್ಲವೇ ಮನೆಯಿಂದ ಕೊಟ್ಟಿಗೆಗೋ ಅಂಗಡಿಗೋ ಅಡಿಕೆ ಮರದ ಮೇಲೆ ಎಳೆದ ತಾಮ್ರದ ಲ್ಯಾನ್ ಕೇಬಲ್ಲಿನ ಮೂಲಕ. ಗುಡುಗು ಕೇಳಿದೊಡನೆ ಸ್ವಿಚ್ ಆರಿಸಿದರೆ ಸಾಲದು, ಎರಡನ್ನೂ ಕಿತ್ತಿಡಿ. ಮಳೆಗಾಲದಲ್ಲಿ ಕರೆಂಟು ಹೋದಾಗ ರೌಟರು ನಡೆಸಲು 12 ವೋಲ್ಟಿನ ಮಿನಿ ಯುಪಿಎಸ್ ಸಿಗುತ್ತದೆ. ಕೊಳ್ಳುವಾಗ ಅಡಾಪ್ಟರಿನ ಮೇಲೆ ಬರೆದಿರುವ ವೋಲ್ಟು, ಆಂಪಿಯರು ನೋಡಿ ಹೊಂದಿಸಿಕೊಳ್ಳಿ. ದಪ್ಪ ಚೀರೆಕಲ್ಲಿನ ಗೋಡೆಯ ಮನೆಗಳಲ್ಲಿ 5 ಗಿಗಾಹರ್ಟ್ಸ್ ವೈಫೈ ಎರಡನೇ ಕೋಣೆ ದಾಟುವುದಿಲ್ಲ, ದೂರಕ್ಕೆ 2.4 ಆರಿಸಿಕೊಳ್ಳಿ.

ಲೈವ್ ಮಾಡುವವರು ಡೌನ್‌ಲೋಡ್ ವೇಗ ನೋಡಿ ಹಿಗ್ಗಬೇಡಿ, ಲೆಕ್ಕಕ್ಕೆ ಬರುವುದು ಅಪ್‌ಲೋಡ್. 720 ಗುಣಮಟ್ಟಕ್ಕೆ ಸುಮಾರು 4 ಎಂಬಿಪಿಎಸ್ ಎಡೆಬಿಡದೆ ಬೇಕು. ಅದರ ಎರಡರಷ್ಟಿದ್ದರೆ ನಿಶ್ಚಿಂತೆ. ಮೂರು ತಾಸಿನ ಕೂಟಕ್ಕೆ 5 ಜಿಬಿಗೂ ಹೆಚ್ಚು ಖರ್ಚಾಗುತ್ತದೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕು ಪೀಠಿಕೆ ಮುಗಿದು ಸಂವಾದ ಏರುವ ಹೊತ್ತಿಗೆ ಕೈಕೊಡುತ್ತದೆ. ಯೂಟ್ಯೂಬಿನಲ್ಲಿ ಮೊದಲ ಸಲ ಲೈವ್ ಅನುಮತಿ ಸಿಗಲು 24 ತಾಸು ಹಿಡಿಯಬಹುದು, ಕೂಟದ ದಿನ ಸಂಜೆ ಖಾತೆ ತೆರೆದರೆ ಆಗದು. ರೆಕಾರ್ಡಿಂಗಿಗೆ ಇಟ್ಟ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ. ಕರೆ ಬಂದರೆ ರೆಕಾರ್ಡಿಂಗು ಅಲ್ಲಿಗೇ ನಿಲ್ಲುತ್ತದೆ.

ದೂರದೂರಿನ ಸದಸ್ಯರು ಝೂಮಿನಲ್ಲಿ ಅಭ್ಯಾಸಕ್ಕೆ ಕೂಡುವುದಾದರೆ ಹಿಮ್ಮೇಳ ಪೂರ್ತಿ ಒಂದೇ ಕೋಣೆಯಲ್ಲಿರಲಿ. ಭಾಗವತರು ಒಂದೂರು, ಮದ್ದಳೆ ಇನ್ನೊಂದೂರು ಆದರೆ ಧ್ವನಿ ತಡವಾಗಿ ತಲುಪಿ ತಾಳ ಕೂಡುವುದೇ ಇಲ್ಲ. ಅರ್ಥಧಾರಿಗಳು ಎಲ್ಲಿದ್ದರೂ ನಡೆಯುತ್ತದೆ, ಮಾತಿಗೆ ಅರೆ ಸೆಕೆಂಡಿನ ತಡೆ ದೋಷವಲ್ಲ. ಹಿಮ್ಮೇಳದ ಕಡೆಯವರು ಝೂಮಿನ ಆಡಿಯೊ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್' ಆರಿಸಬೇಕು, ಇಲ್ಲವಾದರೆ ಚಂಡೆಯನ್ನು ಅದು ಗದ್ದಲವೆಂದು ನುಂಗಿಬಿಡುತ್ತದೆ. ಉಚಿತ ಖಾತೆಯಲ್ಲಿ ಸಭೆ 40 ನಿಮಿಷಕ್ಕೆ ಕಡಿದು ಹೋಗುತ್ತದೆ ಎಂಬುದು ನೆನಪಿರಲಿ.

ಗುಂಪಿಗೆ ಬರುವ ಮೋಸದ ಕಡತಗಳ ಬಗ್ಗೆಯೂ ಹೇಳಬೇಕು. ಮದುವೆಯ ಕರೆಯೋಲೆ, ಬ್ಯಾಂಕಿನ ಸೂಚನೆ, ದಂಡದ ಚಲನ್ ಎಂಬ ಹೆಸರಿನಲ್ಲಿ 'ಎಪಿಕೆ' ಎಂದು ಕೊನೆಯಾಗುವ ಕಡತ ಬಂದರೆ ಪರಿಚಯದವರ ನಂಬರಿನಿಂದಲೇ ಬಂದಿದ್ದರೂ ಒತ್ತಬೇಡಿ. ಕರೆಯೋಲೆ ಚಿತ್ರವಾಗಿಯೋ ಪಿಡಿಎಫ್ ಆಗಿಯೋ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ. ವಾಟ್ಸ್ಯಾಪಿನಲ್ಲಿ ಎರಡು ಹಂತದ ಪಿನ್ ಹಾಕಿಕೊಳ್ಳಿ, ಆರಂಕಿಯ ಸಂಕೇತ ಯಾರು ಕೇಳಿದರೂ ಕೊಡಬೇಡಿ. ದುಡ್ಡು ಹೋಗಿದ್ದರೆ ನಾಳೆ ನೋಡೋಣ ಎನ್ನದೆ ಆಗಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಎಲ್ಲ ಆದ ಮೇಲೆ ಯೂಟ್ಯೂಬಿಗೆ ಏರಿಸುವ ಉಮೇದು ಬರುತ್ತದೆ. ಕಂಪನಿಯ ಕ್ಯಾಸೆಟ್ಟು ಏರಿಸಬೇಡಿ, ಅದರ ಹಕ್ಕು ಅವರದು. ಖಾಸಗಿಯಾಗಿ ಹಿಡಿದದ್ದಕ್ಕೂ ಕಲಾವಿದರ ಅಥವಾ ಅವರ ಮನೆಯವರ ಒಪ್ಪಿಗೆ ಪಡೆಯಿರಿ. ನಮ್ಮ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನ ಕೊಟ್ಟವರಿಗೆ 50 ವರ್ಷದ ಹಕ್ಕು ಕೊಟ್ಟಿದೆ. ಒಂದು ಫೋನ್ ಕರೆ ಮಾಡಿದರೆ ಹೆಚ್ಚಿನವರು ಸಂತೋಷದಿಂದ ಒಪ್ಪುತ್ತಾರೆ. ಒಪ್ಪಿದ್ದನ್ನು ಪಟ್ಟಿಯಲ್ಲಿ ಬರೆದಿಡಿ.

ಇಷ್ಟರಲ್ಲಿ ಯಾವುದನ್ನು ಮೊದಲು ಮಾಡಬೇಕು ಎಂದು ಕೇಳಿದರೆ, ಹೆಸರು ಬರೆಯದ ಕ್ಯಾಸೆಟ್ಟುಗಳನ್ನು. ಬೂಷ್ಟು ಒರೆಸುವುದಕ್ಕೆ, ಬೆಲ್ಟು ಹಾಕುವುದಕ್ಕೆ ಮುಂದಿನ ವರ್ಷವೂ ಯಾರಾದರೂ ಸಿಕ್ಕಾರು. "ಇದು ಯಾರ ಭೀಷ್ಮ, ಆ ದಿನ ಮದ್ದಳೆಗೆ ಕೂತವರು ಯಾರು" ಎಂದು ಧ್ವನಿ ಕೇಳಿಯೇ ಹೇಳಬಲ್ಲವರು ಪ್ರತಿ ಊರಿನಲ್ಲಿ ಇನ್ನು ಒಬ್ಬಿಬ್ಬರಷ್ಟೇ ಇದ್ದಾರೆ. ಬರುವ ಭಾನುವಾರ ಫೋನಿನಲ್ಲಿ ಹತ್ತು ನಿಮಿಷದ ತುಣುಕುಗಳನ್ನು ಹಾಕಿಕೊಂಡು ಅವರ ಮನೆಗೆ ಹೋಗಿ, ಹೇಳಿದ್ದನ್ನು ಬರೆದುಕೊಂಡು ಬನ್ನಿ.